ಬಿಟ್ಟುಕೊಟ್ಟ ಆಟ

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್ ರೂಮಿನಲ್ಲಿ ಬೋರಿಕ್ ಪೌಡರ್ ಮುಗಿದಿತ್ತೆಂದು ಯಾರೋ ಮುಖಕ್ಕೆ ಹಚ್ಚುವ ಪೌಡರನ್ನೇ ಕೇರಂ ಬೋರ್ಡಿನ ಮೇಲೆ ಉದುರಿಸಿದ್ದರು. ಆ ಮಲ್ಲಿಗೆ ಪರಿಮಳ ಮೂಗಿಗೆ ಬಡಿದದ್ದೇ ತಡ, ಕಗ್ಗದಾಸಪುರದಲ್ಲಿ ಕೂತಿದ್ದವನು ಹಲಸೂರಿಗೆ ಹೋಗಿಬಿಟ್ಟೆ. ತೊಂಬತ್ತರ ದಶಕದಲ್ಲಿ ಅಲ್ಲಿನ ನಮ್ಮ ಬೀದಿಯ ಬೋರ್ಡಿಗೂ ಇದೇ ಮದುವಣಗಿತ್ತಿಯ ಪರಿಮಳ. ಬೋರಿಕ್ ಪೌಡರ್ ತರುವುದು ಯಾರ ಜವಾಬ್ದಾರಿ ಎಂಬುದನ್ನು ನಮ್ಮ ಬೀದಿಯ ರಾಜ್ಯೋತ್ಸವ ಸಮಿತಿ ಕೊನೆಯವರೆಗೂ ತೀರ್ಮಾನಿಸಲಿಲ್ಲ.

ಆ ಬೀದಿಯ ತಿರುವಿನಲ್ಲಿ, ಹೊಂಗೆ ಮರದ ಕೆಳಗೆ, ಇಸ್ತ್ರಿಯವರ ಗಾಡಿ ನಿಲ್ಲುತ್ತಿತ್ತು. ಅವರಿಗೆ ಮೊಣಕೈಯಿಂದ ಕೆಳಗೆ ಬಲಗೈ ಇರಲಿಲ್ಲ. ಹೇಗೆ ಹೋಯಿತೆಂದು ಕೇಳಿದವರಿಗೆಲ್ಲ ಒಂದೊಂದು ಕಥೆ. ನನ್ನ ಪಾಲಿಗೆ ಬಂದದ್ದು ಹಲಸೂರು ಕೆರೆಯ ಮೊಸಳೆ. ಎದುರುಮನೆಯವರಿಗೆ ಹುಲಿ ಸಿಕ್ಕಿತ್ತು. ನಿಜ ಏನೆಂದು ಕೊನೆಗೂ ಗೊತ್ತಾಗಲಿಲ್ಲ...

ಬಟ್ಟೆಯ ಅಂಚನ್ನು ಮೋಟು ಕೈಯಿಂದ ಒತ್ತಿ ಹಿಡಿದು, ಕೆಂಡದ ಪೆಟ್ಟಿಗೆಯನ್ನು ಎಡಗೈಯಲ್ಲಿ ಓಡಿಸುತ್ತಿದ್ದರು. ಆ ಬೀದಿಗೆ ಹೊಸದಾಗಿ ಬಂದಾಗ ನನ್ನ ಹೆಂಡತಿ, ಯಾವುದಕ್ಕೂ ಇರಲಿ ಎಂದು, ಬರೀ ದಿಂಬಿನ ಚೀಲಗಳನ್ನು ಕೊಟ್ಟು ಪರೀಕ್ಷೆ ನಡೆಸಿದಳು. ನಾಲ್ಕನೆಯ ವಾರ ಅವರು ಗಂಟನ್ನು ಬಾಗಿಲಲ್ಲಿಟ್ಟು ಬಹಳ ವಿನಯದಿಂದ ಕೇಳಿದರು: "ಯಾಕಮ್ಮಾ, ನಿಮ್ಮನೇಲಿ ಆಫೀಸಿಗೆ ಹೋಗೋದು ದಿಂಬುಗಳು ಮಾತ್ರಾನಾ?" ಮಾರನೆಯ ದಿನವೇ ಅವಳ ಮದುವೆ ಸೀರೆ ಗಾಡಿ ಹತ್ತಿತು.

ಆ ವರ್ಷ ಬೀದಿಯ ರಾಜ್ಯೋತ್ಸವದ ಕೇರಂ ಪಂದ್ಯಕ್ಕೆ ಅವರು ಹೆಸರು ಕೊಟ್ಟರು. ಸಮಿತಿಯ ತುರ್ತುಸಭೆ ಸೇರಿತು. ನಾನು ಕಾರ್ಯದರ್ಶಿ. ಕೇರಮ್ಮಿನಲ್ಲಿ ಕೆಂಪು ಕಾಯಿನ್ ಹಾಕಿದವನು ಬೆನ್ನಿಗೇ ತನ್ನದೊಂದು ಕಾಯಿನ್ ಹಾಕಿ ಅದಕ್ಕೆ ಕವರ್ ಕೊಡಬೇಕು, ಇಲ್ಲದಿದ್ದರೆ ಕೆಂಪು ವಾಪಸ್. ಇಸ್ತ್ರಿಯವರ ಮಟ್ಟಿಗೆ ಈ ಕವರನ್ನು ಮನ್ನಾ ಮಾಡತಕ್ಕದ್ದೆಂದು, ಮಾನವೀಯತೆಯ ದೃಷ್ಟಿಯಿಂದ, ಎರಡು ಸುತ್ತು ಟೀ ಕುಡಿದು ಸರ್ವಾನುಮತದಿಂದ ತೀರ್ಮಾನಿಸಿದೆವು. ತೀರ್ಮಾನವನ್ನು ಅವರನ್ನು ಕರೆಸಿ ಓದಿದವನೂ ನಾನೇ.

ಅವರು ತಾಳ್ಮೆಯಿಂದ ಕೇಳಿಸಿಕೊಂಡರು. "ಸಾರ್, ಒಂದ್ ಡೌಟು. ನೀವು ಕೇರಂ ಆಡ್ಬೇಕಾದ್ರೆ ನಿಮ್ ಎಡಗೈ ಏನ್ ಮಾಡ್ತಿರತ್ತೆ?"

ನಾನು ಯೋಚಿಸಿದೆ. ನನ್ನ ಎಡಗೈ ಟೀ ಲೋಟ ಹಿಡಿದಿರುತ್ತಿತ್ತು. ಅಧ್ಯಕ್ಷರದು ಬೆನ್ನು ಕೆರೆಯುತ್ತಿತ್ತು. ಹುಟ್ಟಿದಾಗಿನಿಂದ ಆಡುತ್ತ ಬಂದ ಆಟ ಒಂದೇ ಕೈಯದೆಂದು ಇಡೀ ಸಮಿತಿಗೆ ಆ ಕ್ಷಣದಲ್ಲಿ ಜ್ಞಾನೋದಯವಾಯಿತು. ತೀರ್ಮಾನವನ್ನು ಅಷ್ಟೇ ಸರ್ವಾನುಮತದಿಂದ ಹಿಂತೆಗೆದುಕೊಂಡೆವು.

ಅವರು ಆಡಿದರು. ಮಹಾ ಜಗಳಗಂಟ. ಎದುರಾಳಿಯ ಬೆರಳು ಗೆರೆ ದಾಟಿದರೆ ಕೂಗು, ತಮ್ಮದು ದಾಟಿದರೆ ಮೌನ. ಹಾಗೇ ಕೂಗಾಡಿಕೊಂಡು ಫೈನಲ್ಲಿಗೆ ಬಂದರು. ಎದುರಿಗೆ ನಾನು.

ಕೊನೆಯ ಬೋರ್ಡಿನಲ್ಲಿ ಕೆಂಪು ಹಾಕಿದೆ. ಕವರಿಗೆ ಉಳಿದ ನನ್ನ ಬಿಳಿ ಕಾಯಿನ್ ಊದಿದರೂ ಬೀಳುವಂತೆ ಪಾಕೆಟಿನ ಬಾಯಲ್ಲೇ ಕೂತಿತ್ತು. ಸ್ಟ್ರೈಕರ್ ಇಟ್ಟು ತಲೆಯೆತ್ತಿದೆ. ಮಡಚಿ ಪಿನ್ನು ಚುಚ್ಚಿದ್ದ ಅವರ ಅಂಗಿಯ ತೋಳು ಕಣ್ಣಿಗೆ ಬಿತ್ತು. ಅಷ್ಟೇ... ಮನಸ್ಸು ಬೆಣ್ಣೆಯಾಯಿತು. ಬೇಕೆಂದೇ ಪಕ್ಕಕ್ಕೆ ಹೊಡೆದೆ. ಅವರು ಗೆದ್ದರು. ಬೀದಿ ಚಪ್ಪಾಳೆ ತಟ್ಟಿತು. ನಾನು ಒಳಗೊಳಗೇ ನನ್ನ ಕೊರಳಿಗೆ ಹಾರ ಹಾಕಿಕೊಂಡೆ.

ಬೆಳಿಗ್ಗೆ ಬಾಗಿಲು ತೆರೆದರೆ ಇಸ್ತ್ರಿಯವರು. ಕಂಕುಳಲ್ಲಿ ಬಹುಮಾನದ ಕಪ್ಪು, ಕೈಯಲ್ಲಿ ಇಸ್ತ್ರಿ ಕಾಣದ ನಮ್ಮ ಬಟ್ಟೆಯ ಗಂಟು.

"ಬಿಟ್ಕೊಟ್ರಲ್ಲ ಸಾರ್."

"ಇಲ್ಲಪ್ಪ, ಕೈ ಜಾರ್ತು."

"ಆ ಕಾಯಿನ್‌ಗಾ? ಕಣ್ಮುಚ್ಚಿ ಹೊಡೆದ್ರೂ ಹಾಕ್ತೀರಾ ನೀವು." ಕಂಕುಳ ಕಪ್ಪನ್ನೊಮ್ಮೆ ನೋಡಿಕೊಂಡರು. "ಗೆದ್ದೆ ಅಂತ ಮಗಳಿಗೆ ಹೇಳ್ಬಿಟ್ಟೆ. ಸ್ಕೂಲಲ್ಲೆಲ್ಲಾ ಹೇಳ್ಕೊಳ್ತಾಳೆ ಇವತ್ತು. ಈಗ ಏನ್ ಅಂತ ಹೇಳ್ಲಿ ಅವಳಿಗೆ?"

ಕಪ್ಪು, ಗಂಟು ಎರಡನ್ನೂ ಹೊಸ್ತಿಲಲ್ಲಿಟ್ಟು ಹೋದರು.

ಆ ವಾರವೆಲ್ಲ ಕೆ.ಆರ್. ಪುರದ ನನ್ನ ಆಫೀಸಿಗೆ ಮುದುಡಿದ ಅಂಗಿಯಲ್ಲೇ ಹೋದೆ. ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಸಹೋದ್ಯೋಗಿಗಳು ಮೆಲ್ಲಗೆ ವಿಚಾರಿಸಿದರು. ಭಾನುವಾರ ಗಾಡಿಯ ಬಳಿಗೆ ಹೋಗಿ, "ಇನ್ನೊಂದು ಆಟ ಆಡೋಣ ಬನ್ನಿ" ಎಂದೆ.

ಅವರು ಪೆಟ್ಟಿಗೆ ಕೆಳಗಿಡಲಿಲ್ಲ. "ನಿಜವಾಗ್ಲೂ ಆಡ್ತೀರಾ?"

"ಆಡ್ತೀನಿ."

ನೋಡಲು ಜನರಿರಲಿಲ್ಲ, ಇದ್ದದ್ದು ಅವರ ಮಗಳೊಬ್ಬಳೇ. ಜನ್ಮದಲ್ಲಿ ಅಷ್ಟು ನಿರ್ದಯವಾಗಿ ನಾನು ಆಡಿರಲಿಲ್ಲ. ಎರಡು ಗಂಟೆ ಹಿಡಿಯಿತು, ಮೂರು ಜಗಳವಾಯಿತು. ಕಟ್ಟಕಡೆಗೆ ನಾನು ಗೆದ್ದೆ. ಅವರು ಬೋರ್ಡನ್ನೇ ದಿಟ್ಟಿಸಿ, ಆಮೇಲೆ ಮಗಳ ಕಡೆ ತಿರುಗಿ ನಕ್ಕರು. "ನೋಡ್ದ್ಯಾ? ನಿಮ್ಮಪ್ಪನ್ನ ಸೋಲಿಸಕ್ಕೆ ಸಾರ್‌ಗೆ ಎಷ್ಟು ಬೆವರು ಬಂತು ಅಂತ." ಸೋತವರ ಮುಖದಲ್ಲಿ ಅಂಥ ಕಳೆಯನ್ನು ನಾನು ಮತ್ತೆ ಕಂಡಿಲ್ಲ. ನನ್ನ ಕಡೆ ನೋಡಿ, "ಅಂಗಿ ಬಿಚ್ಕೊಡಿ ಸಾರ್ ಮೊದ್ಲು, ನೋಡಕ್ಕಾಗ್ತಿಲ್ಲ" ಎಂದರು.

ಮುಂದಿನ ರಾಜ್ಯೋತ್ಸವದಲ್ಲಿ ನನ್ನನ್ನು ಚೆನ್ನಾಗಿಯೇ ಸೋಲಿಸಿದರು. ಕಪ್ಪು ಒಂದು ತಿಂಗಳು ಗಾಡಿಯ ಮೇಲಿತ್ತು. ಬಟ್ಟೆ ಕೊಡಲು ಹೋದವರೆಲ್ಲ ಅದನ್ನು ನೋಡಿ, ಏನಾದರೂ ಅನ್ನಲೇಬೇಕಿತ್ತು.

ಇಸ್ತ್ರಿಯವರು ತೀರಿಹೋಗಿ ವರ್ಷಗಳಾದವು. ನಾವು ಆಗಲೇ ಹಲಸೂರು ಬಿಟ್ಟಿದ್ದೆವು. ಸುದ್ದಿ ಮುಟ್ಟುವಷ್ಟರಲ್ಲಿ ಹದಿಮೂರನೆಯ ದಿನವೂ ಕಳೆದಿತ್ತು...

ಈಗ ನನ್ನ ಬಲಗೈ ನಡುಗುತ್ತದೆ. ಮೊನ್ನೆ ಕ್ಲಬ್ ರೂಮಿನಲ್ಲಿ ನನ್ನೆದುರು ಆಡಿದವರು ಪಕ್ಕದ ಬ್ಲಾಕಿನ ಹಲ್ಲಿನ ಡಾಕ್ಟರಮ್ಮ. ಬಹಳ ಒಳ್ಳೆಯ ಹೆಣ್ಣುಮಗಳು. ಪಾಕೆಟಿನ ಬಾಯಲ್ಲಿದ್ದ ಕಾಯಿನನ್ನು ತಪ್ಪಿಸಿ ಹೊಡೆದು, "ಅಯ್ಯೋ, ಕೈ ಜಾರಿಬಿಡ್ತು ಅಂಕಲ್" ಎಂದು ನಕ್ಕರು. ಸುತ್ತಲಿದ್ದವರು ನನಗೆ ಚಪ್ಪಾಳೆ ತಟ್ಟಿದರು. ಅದು ಎಲ್ಲಿ ಚುಚ್ಚುತ್ತದೆ ಎಂದು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು. ಹೇಳಿಕೊಳ್ಳಬೇಕೆನಿಸಿದ್ದು ಒಬ್ಬರ ಬಳಿ ಮಾತ್ರ, ಅವರಿಲ್ಲ.

ಕಾಯಿನುಗಳನ್ನೆಲ್ಲ ಮತ್ತೆ ನಡುವಿಗೆ ಜೋಡಿಸಿದೆ. "ಇದು ಲೆಕ್ಕಕ್ಕಿಲ್ಲ, ಡಾಕ್ಟ್ರೇ. ಕೂತ್ಕೊಳ್ಳಿ" ಎಂದೆ.