ನನಗಿಲ್ಲದ ಬಿಪಿ

ಮೂರು ವರ್ಷದ ಹಿಂದಿನ ಮಾತು. ಹೊನ್ನಾವರದ ನಮ್ಮ ಕಾಲೇಜಿನ ಪ್ರಾಂಶುಪಾಲರು ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಹಿರಿತನದಲ್ಲಿ ಮುಂದಿನ ಹೆಸರು ನನ್ನದು. ಅರ್ಥಶಾಸ್ತ್ರ ಕಲಿಸುತ್ತ ಕಲಿಸುತ್ತ ತಲೆಗೂದಲು ಬೆಳ್ಳಗಾಗಿತ್ತು. ಆ ಕುರ್ಚಿ ನನಗೆ ಬೇಕಿತ್ತು, ಹಾಗೆ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಒಂದು ದಿನ ಸ್ಟಾಫ್ ರೂಮಿನಲ್ಲಿ, ಭಟ್ಕಳದಿಂದ ಓಡಾಡುವ ಇರ್ಫಾನ್ ಸರ್ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು, “ಮೇಡಂ, ಬಿಪಿ ಈಗ ಹೇಗಿದೆ?”

“ಯಾರ ಬಿಪಿ?”

“ಅಲ್ಲ, ನಿಮ್ಮದು...” ಎಂದವರು ನನ್ನ ಮುಖ ನೋಡಿ ಮಾತು ನುಂಗಿದರು.

ನನಗೆಲ್ಲಿಯ ಬಿಪಿ! ಹಿರಿತನದಲ್ಲಿ ನನ್ನ ನಂತರದವರು ಇವರೇ. ತಲೆಯಲ್ಲಿ ಹುಳ ಹೊಕ್ಕಿತು. ಮರುದಿನ ಕ್ಲಾರ್ಕ್ ಹುಡುಗಿ, “ಮೇಡಂ, ಮೆಟ್ಟಿಲು ಹತ್ತಬೇಡಿ” ಅಂದಳು. ಸಂಜೆ ನೋಡಿದರೆ ಇರ್ಫಾನ್ ಸರ್ ಆಡಳಿತ ಮಂಡಳಿಯ ಅಧ್ಯಕ್ಷರ ಕಾರಿನಿಂದ ಇಳಿಯುತ್ತಿದ್ದಾರೆ. ಓಹೋ, ನಗುನಗುತ್ತಲೇ ಕತ್ತು ಕೊಯ್ಯುವ ಆಸಾಮಿ ಎಂದುಕೊಂಡೆ.

ಕುಮಟಾದ ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಅವರದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. “ಹೋಗ್ಲಿ ಬಿಡೆ. ಎಂತಕ್ಕೆ ಬೇಕು ಆ ತಲೆಬಿಸಿ?” ಎಂದವರೇ ತಮ್ಮ ಮಾತ್ರೆ ನುಂಗಿ ಟಿವಿ ಹಚ್ಚಿದರು.

ಬೆಳಿಗ್ಗೆ ಬಸ್ಸು ಹಳದೀಪುರ ದಾಟುವವರೆಗೂ ಮನಸ್ಸಿನಲ್ಲೇ ಜಗಳ ಆಡುತ್ತ ಬಂದೆ. ಕಾಲೇಜಿಗೆ ಅಧ್ಯಕ್ಷರು ಬಂದಿದ್ದರು. ಸೀದಾ ಅವರ ಕೋಣೆಗೆ ನುಗ್ಗಿದರೆ ಇರ್ಫಾನ್ ಸರ್ ಅಲ್ಲೇ ಕೂತಿದ್ದಾರೆ! ಅವರನ್ನು ದುರುಗುಟ್ಟಿ ನೋಡುತ್ತಲೇ ಅಧ್ಯಕ್ಷರನ್ನು ಕೇಳಿದೆ, “ನನಗೆ ಬಿಪಿ ಇದೆ ಅಂತ ಹಬ್ಬಿಸಿದ್ದು ಯಾರು?”

ಅಧ್ಯಕ್ಷರು ತಬ್ಬಿಬ್ಬಾದರು. “ಎಂತ ಮೇಡಂ, ಹಿಂಗೆ ಕೇಳ್ತ್ರಿ? ಹೆಂಗಸರಿಗೆ ಜವಾಬ್ದಾರಿ ಕೊಡೂ ಮುಂಚೆ ಮನೆಯವರ ಹತ್ರ ಒಂದು ಮಾತು ಕೇಳೂದು ನಮ್ಮ ಪದ್ಧತಿ. ನಿಮ್ಮ ಯಜಮಾನ್ರ ಅಂಗಡಿಗೆ ಹೋಗಿದ್ದೆ. ಅವಳಿಗೆ ಬಿಪಿ ಅದೆ, ಬ್ಯಾಡ ಅಂದ್ರು. ಈ ಇರ್ಫಾನ್ ಸರ್‌ಗೆ ಕೊಡ್ತೆ ಅಂದ್ರೆ, ಇವರು ಮೊದ್ಲು ಮೇಡಮ್ಮನ್ನೇ ಕೇಳಿ ಅಂತ ಹಠ ಹಿಡ್ದು ಕೂತಾರೆ.”

ದುರುಗುಟ್ಟುತ್ತಿದ್ದ ಕಣ್ಣನ್ನು ಕೆಳಗಿಳಿಸಿದೆ. ಇರ್ಫಾನ್ ಸರ್ ಕಿಟಕಿಯ ಕಡೆ ಮುಖ ತಿರುಗಿಸಿದರು, ಪಾಪ. ನನ್ನ ಮರ್ಯಾದೆ ಕಾಯಲಿಕ್ಕೆ ಇರಬೇಕು.

“ಈಗ ನನ್ನನ್ನೇ ಕೇಳಿ,” ಎಂದೆ.

“ಆಗ್ತದಾ ನಿಮ್ಮಿಂದ?”

“ಆಗ್ತದೆ.”

“ಆತು ಹಂಗಾರೆ.”

ಸಂಜೆ ಯಜಮಾನರನ್ನು ಕೇಳಿದೆ. “ನಿನ್ನ ಒಳ್ಳೇದಕ್ಕೇ ಹೇಳಿದ್ದೆ ಮಾರಾಯ್ತಿ. ಮನೇಲಿ ನಿಂಗೆಂತ ಕಡಿಮೆ ಆಗಿದೆ?” ಎಂದರು. ಬಿಪಿ ಇರುವುದು ಅವರಿಗೆ. ಅದನ್ನೇ ನನಗೂ ಹಚ್ಚಿಬಿಟ್ಟಿದ್ದರು.

ಈಗ ಆ ಕುರ್ಚಿಯಲ್ಲಿ ಕೂತಿದ್ದೇನೆ. ಕಷ್ಟದ ಕೆಲಸಕ್ಕೆಲ್ಲ ಮೊದಲು ಕರೆಯುವುದು ಇರ್ಫಾನ್ ಸರ್ ಅವರನ್ನೇ. ಯಜಮಾನರು ದಿನಾ ಸಂಜೆ, “ತ್ರಾಸ ಆತೇನೆ?” ಎಂದು ವಿಚಾರಿಸುತ್ತಾರೆ. ಪ್ರೀತಿಯಿಂದಲೇ ಇರಬಹುದು. ಆದರೆ ಸ್ವಲ್ಪ ತಲೆನೋವು ಎಂದು ಅವರೆದುರು ಹೇಳಲು ಇವತ್ತಿಗೂ ನನಗೆ ಭಯ.