ಭುಜದ ಹತ್ತಿರ ನಿಂತ ಕೈಗಳು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಎಲ್ಲ ಕೆಡಲು ಶುರುವಾಯಿತು. ಗಡಿಯಾರ ನನ್ನೆದುರಿನ ಗೋಡೆಯ ಮೇಲೆಯೇ ಇತ್ತು. ನನ್ನ ಪಕ್ಕದಲ್ಲಿದ್ದ ಊಟದ ಮೇಜಿನ ಮೇಲೆ ಹುಬ್ಬಳ್ಳಿಯ ಒಬ್ಬ ಸಗಟು ಬಟ್ಟೆ ವ್ಯಾಪಾರಿ, ಅರವತ್ತರ ಸಮೀಪದ ಸಾವಕಾರರು, ಎದೆಯ ಮೇಲೆ ಕೈ ಕಟ್ಟಿ ಕಣ್ಣು ಮುಚ್ಚಿ ನಿಂತಿದ್ದರು. ಅವರ ಬೆನ್ನ ಹಿಂದೆ, ನೆಲದ ಮೇಲೆ, ಅವರದೇ ಅಂಗಡಿಯ ಎಂಟು ಜನ ಎರಡು ಸಾಲಾಗಿ ಎದುರುಬದರು ನಿಂತು ಕೈ ಚಾಚಿದ್ದರು. ಸಾವಕಾರರು ಮೊಣಕಾಲು ಮಡಚದೆ ಹಿಂದಕ್ಕೆ ಬೀಳಬೇಕು, ಆ ಎಂಟು ಜನ ಹಿಡಿಯಬೇಕು. ನಂಬಿಕೆ ಬೆಳೆಸುವ ಆಟ ಅಂತ ಅದನ್ನು ನಾವು ಕರೆಯುತ್ತಿದ್ದೆವು.

ನಾವು ಅಂದರೆ ನಮ್ಮ ಸರ್ ಮತ್ತು ನಾನು. ಸರ್ ಬ್ಯಾಂಕಿನ ನೌಕರಿ ಬಿಟ್ಟು ವ್ಯಕ್ತಿತ್ವ ವಿಕಸನದ ಶಿಬಿರ ನಡೆಸುತ್ತಿದ್ದರು. ನಾನು ಧಾರವಾಡದಲ್ಲಿ ಮನಃಶಾಸ್ತ್ರದ ಎಂ.ಎ. ಮುಗಿಸಿ, ಕಾಲೇಜಿನಲ್ಲಿ ತಾಸಿಗಿಷ್ಟು ಸಂಬಳ ಅಂತ ಪಾಠ ಹೇಳುತ್ತಾ ಬೇಸತ್ತು, ಅವರ ಸಹಾಯಕಿಯಾಗಿ ಸೇರಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಈ ಕೆಲಸಕ್ಕೆ ಆಗ ನಮ್ಮೂರಲ್ಲಿ ಹೆಸರೇ ಇರಲಿಲ್ಲ. ನಮ್ಮ ಅತ್ಯಾ ಮನೆಗೆ ಬಂದಾಗಲೆಲ್ಲ ಕೇಳುತ್ತಿದ್ದಳು: "ಅಲ್ಲವಾ, ನೀ ಖರೇ ಏನ ಕೆಲಸಾ ಮಾಡ್ತಿ? ಮಂದಿಗೆ ಧೈರ್ಯಾ ಹೇಳೂದು ಅಂತೀದಿ. ಅದನ್ನ ನಾವೂ ದಿನಾ ಹೇಳ್ತೇವಿ. ನಮಗ ಯಾರೂ ಒಂದ ಕಪ್ ಚಾ ಸೈತ ಕುಡಸೂದಿಲ್ಲ." ನಾನು ನಗುತ್ತಿದ್ದೆ. ಆದರೆ ಒಳಗೆ ನನಗೆ ಅನುಮಾನವಿರಲಿಲ್ಲ. ಒಬ್ಬ ಮನುಷ್ಯ ತನ್ನ ಬಗ್ಗೆ ತಾನು ಅಂದುಕೊಂಡದ್ದನ್ನು ಬದಲಿಸಿಕೊಳ್ಳುವ ಗಳಿಗೆಯನ್ನು ಒಂದೆರಡು ಸಲ ಕಣ್ಣಾರೆ ಕಂಡಿದ್ದೆ. ಬದುಕಿದರೆ ಇದರ ಹತ್ತಿರವೇ ಬದುಕಬೇಕು ಅನಿಸಿತ್ತು.

ಆ ದಿನದ ಶಿಬಿರ ಸಾವಕಾರರ ಮಗನ ಹಟದಿಂದ ಆದದ್ದು. ಅವನು ಪುಣೆಯಲ್ಲಿ ಎಂ.ಬಿ.ಎ. ಓದಿ ಬಂದಿದ್ದ. ರವಿವಾರ, ಅಂಗಡಿಗೆ ಸೂಟಿ. ಕಲ್ಯಾಣ ಮಂಟಪದ ಊಟದ ಹಾಲ್ ಹಿಡಿದಿದ್ದೆವು. ಬೆಳಿಗ್ಗೆಯಿಂದ ಅಂಗಡಿಯವರು ಗೋಡೆಗೆ ಆತು ಕುಳಿತು, ಸರ್ ಹೇಳಿದ್ದಕ್ಕೆಲ್ಲ ಗೋಣು ಹಾಕಿದ್ದರು. ಊಟದ ನಂತರ ಈ ಆಟ. ಮೊದಲು ಮಗ ಬಿದ್ದ, ಎಲ್ಲರೂ ಚೆನ್ನಾಗಿಯೇ ಹಿಡಿದರು. ಮಾರಾಟದ ಹುಡುಗನೊಬ್ಬ ಬಿದ್ದ, ಅವನನ್ನೂ ಹಿಡಿದರು, ನಗೆ ಎದ್ದಿತು. ಆಮೇಲೆ ಮಗ ಅಪ್ಪನ ಕಡೆ ತಿರುಗಿದ.

"ಅಪ್ಪಾ, ಈಗ ನೀವು."

"ನಾ ಯಾಕೋ?"

"ನೀವು ಬಿದ್ರನ ಅರ್ಥ ಅದಕ್ಕ."

ಸಾವಕಾರರು ಪಂಚೆ ಸರಿಪಡಿಸಿಕೊಂಡು ಮೇಜು ಹತ್ತಿದರು. ಮೇಲೆ ನಿಂತು, "ಎಂಟೂ ಮಂದಿಗೆ ಪಗಾರಾ ಕೊಡ್ತೇನಿ, ಇವತ್ತರ ವಸೂಲ ಆಗ್ಲಿ" ಅಂದರು. ಮಗ ನಕ್ಕ, ಸರ್ ನಕ್ಕರು. ಕೆಳಗಿನ ಎಂಟು ಜನ ನಗಲಿಲ್ಲ. ತಲೆ ತಗ್ಗಿಸಿದರು. ಸರ್ ಮೂರರವರೆಗೆ ಎಣಿಸಿದರು.

ನಾನು ಸಾಲಿನಲ್ಲಿ ನಿಂತಿರಲಿಲ್ಲ. ಗಂಡಸರನ್ನು ಹೆಂಗಸರು ಹಿಡಿಯುವುದು ಬೇಡ ಅಂತ ನನ್ನನ್ನು ಮೇಜಿನ ಬದಿಗೆ ನಿಲ್ಲಿಸಿದ್ದರು. ಹೀಗಾಗಿ ನಾನು ಎಲ್ಲವನ್ನೂ ಕಂಡೆ. ಮೇಜಿನ ಹತ್ತಿರದ ನಾಲ್ವರು ಕಾಲುಗಳನ್ನು ಗಟ್ಟಿಯಾಗಿ ಹಿಡಿದರು. ಆ ತುದಿಗೆ, ಭುಜದ ಜಾಗದಲ್ಲಿ ನಿಂತವರ ಕೈಗಳು ಮೇಲೆ ಬಂದವು, ಸಾವಕಾರರ ಅಂಗಿಗೆ ಒಂದು ಗೇಣು ಇರುವಾಗ ನಿಂತವು, ನಿಂತು ಹಿಂದೆ ಸರಿದವು. ಬಿಸಿ ಪಾತ್ರೆಯ ಹತ್ತಿರ ಹೋದ ಕೈ ಸರಿದ ಹಾಗೆ. ಕಾಲು ಮೇಲೆ ಉಳಿಯಿತು, ತಲೆ ಕೆಳಗೆ ಹೋಯಿತು. ಸಪ್ಪಳ ದೊಡ್ಡದಾಗೇನೂ ಇರಲಿಲ್ಲ. ಯಾರೋ ಕಪಾಟಿನ ಬಾಗಿಲು ಮುಚ್ಚಿದಂತಿತ್ತು. ಅವರ ಕಣ್ಣು ಈಗ ತೆರೆದಿದ್ದವು, ನನ್ನನ್ನೇ ನೋಡುತ್ತಿದ್ದವು, ಆದರೆ ನೋಡುತ್ತಿರಲಿಲ್ಲ.

ಮಗನ ಕಾರಿನ ಹಿಂದಿನ ಸೀಟಿನಲ್ಲಿ ಅವರನ್ನು ಮಲಗಿಸಿ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಅಲುಗಾಡದಂತೆ ಎರಡೂ ಕೈಯಿಂದ ಹಿಡಿದಿದ್ದೆ. ರಸ್ತೆಯ ಒಂದೊಂದು ತಗ್ಗಿಗೂ, ಈಗ ಹೋದರು, ಈಗ ಹೋದರು ಅನಿಸುತ್ತಿತ್ತು. ಹೋಗಲಿಲ್ಲ. ಹೆಗಲ ಮೂಳೆ ಮುರಿದಿತ್ತು, ತಲೆಗೆ ಹೊಲಿಗೆ ಬಿದ್ದವು, ಕುತ್ತಿಗೆಗೆ ಪಟ್ಟಿ. ಬಲಗೈಗೆ ಶಕ್ತಿ ಬರಲು ಕಾಲ ಹಿಡಿಯುತ್ತದೆ ಅಂದರು ಡಾಕ್ಟರು. ಇನ್ನೊಂದು ಚೂರು ಆಚೀಚೆ ಆಗಿದ್ದರೆ ಅಂತ ಹೇಳಹೊರಟು, ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದರು.

ಆ ಅರ್ಧ ವಾಕ್ಯ ನನ್ನ ಜೊತೆ ಮನೆಗೆ ಬಂತು. ಮಲಗಿದರೆ ಕೈಗಳು ಕಾಣುತ್ತಿದ್ದವು. ಬರುತ್ತವೆ, ನಿಲ್ಲುತ್ತವೆ, ಸರಿಯುತ್ತವೆ. 

ಸಾವಕಾರರಿಗೆ ಪೂರ್ತಿ ಎಚ್ಚರವಾದ ಮೇಲೆ ಅವರು ಆಡಿದ ಮಾತು ಮಗನಿಂದ ನನಗೆ ತಿಳಿಯಿತು. "ಕಾಲ ಹಿಡದು ತಲಿ ಬಿಟ್ರು. ಬೇಕಂತನ ಬಿಟ್ರು. ಆ ಎಂಟೂ ಮಂದಿ ಇನ್ನ ನನ್ನ ಅಂಗಡಿ ಮೆಟ್ಲ ಹತ್ತಬಾರದು." ಎಂಟು ಮನೆಗಳ ಒಲೆ ಆ ಒಂದು ಮಾತಿನ ಮೇಲೆ ನಿಂತಿತ್ತು. ಅವರಲ್ಲಿ ಹಿರಿಯ ಗುಮಾಸ್ತ ಸಾವಕಾರರ ತಂದೆಯ ಕಾಲದಲ್ಲಿ ಸೇರಿದವನು, ಈಗ ಅವನ ಕೂದಲೂ ಬೆಳ್ಳಗಾಗಿತ್ತು. ಭುಜದ ಜಾಗದಲ್ಲಿ ಎಡಕ್ಕೆ ನಿಂತವನು ಅವನೇ.

ನಾನು ಸರ್ ಮನೆಗೆ ಹೋಗಿ ಕಂಡದ್ದನ್ನು ಹೇಳಿದೆ. ಸಾವಕಾರರ ಮೈ ಮುಟ್ಟಲು ಅಂಗಡಿಯವರಿಗೆ ಕೈ ಬರಲಿಲ್ಲ, ಅದರಲ್ಲಿ ದ್ವೇಷ ಇರಲಿಲ್ಲ, ನಾವು ಹೋಗಿ ತಿಳಿಸಬೇಕು ಅಂದೆ. ಸರ್ ಬಾಗಿಲಲ್ಲೇ ನಿಂತಿದ್ದರು, ಒಳಗೆ ಕರೆಯಲಿಲ್ಲ.

"ಅಷ್ಟ ಹೊತ್ತಿನ್ಯಾಗ ನೀ ಅಷ್ಟೆಲ್ಲಾ ಹ್ಯಾಂಗ ನೋಡಿದಿ? ಮೇಜ ಅಲಗಾಡಿತು, ಮನಷ್ಯಾ ದಪ್ಪ, ವಜ್ಜಿ ಇದ್ರು. ಅಷ್ಟ."

"ಸರ್, ಎಂಟ ಮಂದಿ ನೌಕ್ರಿ..."

"ಮತ್ತ ನಂದು? ಕೇಸ್ ಗೀಸ್ ಆದ್ರ? ಆ ಕಡೆ ಹೋಗಬ್ಯಾಡ ನೀ."

ಆಮೇಲೆ ಅವರು ಶಿಬಿರ ನಡೆಸಲಿಲ್ಲ. ಅವರನ್ನು ನಾನು ಬೈಯಲಾರೆ. ಅವರೂ ಹೆದರಿದ್ದರು. ಆದರೆ ನಾನು ಹೋದೆ.

ಸಾವಕಾರರು ಮನೆಗೆ ಬಂದು ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಬಾಯಾರು ಅನ್ನುತ್ತಾರೆ. ನನ್ನನ್ನು ಕಂಡದ್ದೇ ಸಾವಕಾರರು, "ಬರ್ರಿ ಬಾಯಾರ. ಇನ್ನ ಯಾರ್ನ ಬೀಳಸಾಕ ಬಂದ್ರಿ?" ಅಂದರು.

ಕುಳಿತೆ. ತಪ್ಪದೆ ಚಹಾ ಬಂತು. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಮಡಿ ಮೈಲಿಗೆಯ ಮಾತು ಇದಲ್ಲ, ಆ ಎಂಟರಲ್ಲಿ ಇಬ್ಬರು ನಿಮ್ಮ ಬೀಗರ ಕಡೆಯವರೇ ಇದ್ದಾರೆ. ನಿಮ್ಮ ಭುಜ ಮುಟ್ಟಿದವರು ಆ ಅಂಗಡಿಯಲ್ಲಿ ಯಾರೂ ಇಲ್ಲ. ದೀಪಾವಳಿ ಪಾಡ್ಯದ ಪೂಜೆಯಾದ ಮೇಲೆ ಅವರು ಮುಟ್ಟುವುದು ನಿಮ್ಮ ಕಾಲು. ಅದಕ್ಕೇ ಕಾಲು ಹಿಡಿದರು, ಭುಜಕ್ಕೆ ಅಂಜಿದರು ಅಂದೆ.

ಸಾವಕಾರರು, "ಛಂದ ಮಾತಾಡ್ತೀರಿ" ಅಂದರು. "ಮಾತಿನ್ಯಾಗ ನಿಮ್ಮನ್ನ ಮೀರಸಾಕ ಆಗೂದಿಲ್ಲ. ಆವತ್ತೂ ನಿಮ್ಮ ಮಾತ ಕೇಳೇ ನಾ ಮೇಜ ಹತ್ತಿದ್ದೆ."

 ಕಲಿತ ವಿದ್ಯೆಯೆಲ್ಲ ಅಲ್ಲಿ ಚಹಾದ ಬಟ್ಟಲಿನಂತೆ ಕೈಯಲ್ಲಿ ತಣ್ಣಗಾಗುತ್ತಿತ್ತು. ಎದ್ದು ಹೊರಡಬಹುದಿತ್ತು. ಹೊರಡಲಿಲ್ಲ.  ಸರ್ ಜೊತೆ ಶಿಬಿರ ಮಾಡುವಾಗ ಮೌನ ಬಂದರೆ ಕೂಡಲೇ ಒಂದು ಕಥೆ ಹೇಳಿ ತುಂಬಬೇಕು ಅಂತ ಕಲಿತಿದ್ದೆ. ಆವತ್ತು ಕಥೆ ಇರಲಿಲ್ಲ. ಕೊನೆಗೆ ಅವರೇ ಮಾತಾಡಿದರು.

"ಅಂವಾ ದಿನಾ ಬಂದು ಹೊರಗ ಕಟ್ಟಿ ಮ್ಯಾಲ ಕುಂದರತಾನ. ಈಗೂ ಅದಾನೇನ್ರಿ?"

ಕೇಳಿದ್ದು ಹಿರಿಯ ಗುಮಾಸ್ತನ ಬಗ್ಗೆ. ಬರುವಾಗ ಅವನನ್ನು ನಾನೂ ಕಂಡಿದ್ದೆ. ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

"ಅದಾರ್ರಿ."

"ಕರೀರಿ."

ಅವನು ಒಳಗೆ ಬಂದು ಬಾಗಿಲ ಹತ್ತಿರ ನಿಂತ. ಸಾವಕಾರರು ಅವನ ಮುಖ ನೋಡದೆ, "ಬಾ, ನನ್ನ ಎಬ್ಬಸು. ಕುಂತ ಕುಂತ ಬ್ಯಾನಿ ಹತ್ತೇತಿ" ಅಂದರು.

"ಸಣ್ಣ ಸಾವ್ಕಾರ್ರನ್ನ ಕರೀಲ್ರಿ?"

"ನಿನಗ ಹೇಳೇನಿ."

ಅವನು ಬಂದ. ಬಾಗಿ ಎರಡೂ ಕೈ ಚಾಚಿದ. ಸಾವಕಾರರ ಭುಜಕ್ಕೆ ಒಂದು ಗೇಣು ಇರುವಾಗ ಕೈ ನಿಂತವು.   ಮೂರು ಹತ್ತರ ಆ ಗಳಿಗೆ ನನ್ನ ಕಣ್ಣ ಮುಂದೆ ಮತ್ತೆ ನಡೆಯುತ್ತಿತ್ತು, ಈ ಸಲ ನಿಧಾನಕ್ಕೆ. ಅವನು ಆ ಕಡೆ ನೋಡಿದ, ಈ ಕಡೆ ನೋಡಿದ, ಕೊನೆಗೆ ಕುಸಿದು ಕುಳಿತು ಸಾವಕಾರರ ಎರಡೂ ಪಾದ ಹಿಡಿದುಕೊಂಡ.

ಸಾವಕಾರರು ಆ ಕೈಗಳನ್ನು ನೋಡಿದರು. 

"ಅಲ್ಲಲ್ಲೋ ಮಾರಾಯಾ. ಇಲ್ಲಿ."

ಅವರೇ ಎಡಗೈ ಚಾಚಿ ಅವನ ಮಣಿಕಟ್ಟು ಹಿಡಿದು ಎತ್ತಿ, ತಮ್ಮ ಸರಿಯಿದ್ದ ಭುಜದ ಮೇಲೆ ಇಟ್ಟುಕೊಂಡರು. ಅವನು ಮುಖ ಆಚೆ ತಿರುಗಿಸಿ ಅಳುತ್ತಲೇ ಅವರನ್ನು ಎಬ್ಬಿಸಿದ. ಎದ್ದು ನಿಂತ ಮೇಲೂ ಸಾವಕಾರರು ಅವನ ಕೈ ತೆಗೆಯಲಿಲ್ಲ. "ನಾಳೆ ಎಂಟೂ ಮಂದಿ ಬರ್ರಿ" ಅಂದರು. ಮತ್ತೆ ನನ್ನ ಕಡೆ ತಿರುಗಿ, "ಮಾತ ಬಿಟ್ಟ ಮ್ಯಾಲ ನಿಮ್ಮ ವಿದ್ಯಾ ಛಲೋ ನಡೀತೇತಿ ನೋಡ್ರಿ" ಅಂದರು.

ಎಂಟು ಜನ ಕೆಲಸಕ್ಕೆ ಮರಳಿದರು. ಇಲ್ಲಿಗೆ ಮುಗಿಯಿತು ಅಂತ ನನ್ನ ಮನೆಯವರು ಅಂದುಕೊಂಡರು. ನನಗೆ ಮುಗಿದಿರಲಿಲ್ಲ. ಕೈಗಳು ಈಗಲೂ ಬರುತ್ತಿದ್ದವು. ಅವುಗಳ ಅರ್ಥ ಗೊತ್ತಾದ ಮಾತ್ರಕ್ಕೆ ಅವು ನಿಲ್ಲಲಿಲ್ಲ. ಹಾಲ್ ಬಾಗಿಲು, ಸಾಲಾಗಿ ಇಟ್ಟ ಕುರ್ಚಿ, ಮೈಕಿನ ಕಿರುಗುಟ್ಟುವಿಕೆ ಯಾವುದಾದರೂ ಸಾಕು, ಎದ್ದು ಹೊರಗೆ ಬಂದುಬಿಡುತ್ತಿದ್ದೆ. ಕಾಲೇಜಿನ ತಾಸಿನ ಪಾಠಕ್ಕೇ ಮರಳಿ ಹೋಗುವುದು ಅಂತ ಅರ್ಜಿ ಕೂಡ ಬರೆದೆ.

ಅಷ್ಟರಲ್ಲಿ ಸಾವಕಾರರು ಹೇಳಿ ಕಳಿಸಿದರು. ಸೋಮವಾರ ಅಂಗಡಿ ತೆಗೆಯುವ ಮುನ್ನ ಅರ್ಧ ತಾಸು ಬಂದು ತಮ್ಮವರ ಜೊತೆ ಕುಳಿತುಕೊಳ್ಳಬೇಕಂತೆ. ಪಾಠ ಬೇಡ, ಆಟವಂತೂ ಬೇಡವೇ ಬೇಡ. ಹೋಗಲೋ ಬೇಡವೋ ಅಂತ ಎರಡು ಸೋಮವಾರ ಕಳೆದೆ. ಮೂರನೆಯದಕ್ಕೆ ಧಾರವಾಡದಿಂದ ಬೆಳಗಿನ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಎಂಟೂ ಜನ ಬಟ್ಟೆಯ ಗಂಟುಗಳ ನಡುವೆ ಬಿಳಿ ಗಾದಿಯ ಮೇಲೆ ದುಂಡಗೆ ಕುಳಿತಿದ್ದರು. ಸಾವಕಾರರು ಗೋಡೆಗೆ ಒರಗಿ ಸ್ವಲ್ಪ ದೂರ. ಗುರಿ ಏನು, ಮುಂದಿನ ಐದು ವರ್ಷದಲ್ಲಿ ಎಲ್ಲಿರುತ್ತೀರಿ ಅಂತ ಕೇಳುವುದು ನಮ್ಮ ರೂಢಿ. ಆ ಪ್ರಶ್ನೆ ಗಂಟಲವರೆಗೆ ಬಂದು ನಿಂತಿತು. "ಎಲ್ಲಾರೂ ಹ್ಯಾಂಗದೀರಿ?" ಅಂದೆ. ಅಷ್ಟೇ ನನ್ನಿಂದ ಆಗಿದ್ದು.

 ನಾನು ಕಾದೆ. ಗುಮಾಸ್ತ ಗಾದಿಯ ಅಂಚು ಹಿಂಜುತ್ತ, ಯಾರನ್ನೂ ನೋಡದೆ ಹೇಳಿದ: "ನಿದ್ದಿ ಬರೂದಿಲ್ರಿ ಬಾಯಾರ. ಕಣ್ಣ ಮುಚ್ಚಿದ್ರ ಕೈಯಾಗಿಂದ ಏನೋ ಜಾರಿದಂಗ ಆಗ್ತೇತಿ. ಎದ್ದ ಕುಂದರತೇನಿ. ಮನ್ಯಾಗ ಯಾರ ಮುಂದ ಹೇಳ್ಳಿ?"

ನನ್ನ ಬಾಯಿಂದ ಬಂದದ್ದು ಯಾವ ತರಬೇತಿಯ ಮಾತೂ ಅಲ್ಲ. "ನನಗೂ ನಿದ್ದಿ ಇಲ್ರಿ" ಅಂದೆ. "ನಿಮ್ಮ ಕೈನ ಕಾಣ್ತಾವ."

ಅವನು ತಲೆ ಎತ್ತಿ ನೋಡಿದ. ಇನ್ನೊಬ್ಬ, ಬಲಕ್ಕೆ ನಿಂತಿದ್ದವನು, "ನನಗ ಸಪ್ಪಳಾ ಕೇಳಸ್ತೇತ್ರಿ" ಅಂದ. ಮೂರನೆಯವನು ಏನೋ ಹೇಳಹೋಗಿ ಕಣ್ಣೊರೆಸಿಕೊಂಡ. ಗೋಡೆಯ ಕಡೆಯಿಂದ ಸಾವಕಾರರ ದನಿ ಬಂತು: "ಬಿದ್ದಾಂವಾ ನಾ. ಗೊರಕಿ ಹೊಡದು ಮಲಗತೇನಿ. ಎಚ್ಚರಿರಾವ್ರು ನೀವು. ಎಲ್ಲಾರೂ ಕೂಡಿ ರಾತ್ರಿ ಪಾಳೇ ಮಾಡ್ರಿ, ವಾಚಮನ್ ಪಗಾರರ ಉಳೀತೇತಿ."

ಮೊದಲು ಯಾರೂ ನಗಲಿಲ್ಲ. ಆಮೇಲೆ ಗುಮಾಸ್ತ ನಕ್ಕ. ಸಾವಕಾರರ ಎದುರು ಅವನು ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲು ಅಂತ ಉಳಿದವರು ಅವನನ್ನು ಕಾಡಿಸಿದರು. ಅರ್ಧ ತಾಸು ಮುಗಿದು ಗಿರಾಕಿಗಳು ಬಂದರೂ ಯಾರೂ ಏಳಲಿಲ್ಲ.

ಅಲ್ಲಿಂದ ಮುಂದಿನದೇ ನನ್ನ ವೃತ್ತಿ. ಎರಡು ಸಾವಿರದ ಇಸವಿಯ ನಂತರ ಲೈಫ್ ಕೋಚ್ ಅನ್ನುವ ಹೆಸರು ನಮ್ಮೂರಿಗೂ ಬಂತು, ನನ್ನ ಕಾರ್ಡಿನ ಮೇಲೂ ಬಂತು. ಉಪ್ಪಿನಬೆಟಗೇರಿಯ ಹೆಂಗಸರ ಸಂಘದಿಂದ ಹಿಡಿದು ಆಸ್ಪತ್ರೆಯ ನರ್ಸುಗಳವರೆಗೆ ಎಷ್ಟೋ ಜನರ ನಡುವೆ ಕುಳಿತಿದ್ದೇನೆ. ಎಲ್ಲಿಗೆ ಹೋದರೂ ಮೊದಲು ನೋಡುವುದು, ಇಲ್ಲಿ ಯಾರು ಯಾರ ಎದುರು ಕೂರುತ್ತಾರೆ, ಯಾರು ನಿಂತೇ ಇರುತ್ತಾರೆ, ಯಾರ ಕೈಯಿಂದ ಯಾರು ನೀರು ತೆಗೆದುಕೊಳ್ಳುತ್ತಾರೆ ಅನ್ನುವುದನ್ನು. ನನ್ನ ಶಿಬಿರದಲ್ಲಿ ಯಾರೂ ಎತ್ತರಕ್ಕೆ ಹತ್ತುವುದಿಲ್ಲ. ಇಷ್ಟು ವರ್ಷವಾದರೂ ಮಧ್ಯಾಹ್ನದ ಊಟದ ನಂತರ ಯಾವುದಾದರೂ ಹಾಲಿನಲ್ಲಿ ನಿಂತಾಗ, ಒಮ್ಮೊಮ್ಮೆ ಆ ಕೈಗಳು ಬಂದು ನಿಲ್ಲುತ್ತವೆ. ಆಗ ಗೋಡೆ ಹಿಡಿದು ಒಂದು ನಿಮಿಷ ಸುಮ್ಮನಿರುತ್ತೇನೆ.

ಆದರೆ ಆ ಮೊದಲ ಸೋಮವಾರ ಅಂಗಡಿಯಿಂದ ಮನೆಗೆ ಬಂದು, ಅವ್ವ ಬಡಿಸಿದ ರೊಟ್ಟಿ ಉಂಡು, ಸಂಜೆ ಬೇಗನೆ ಅಡ್ಡಾದೆ. ಕಣ್ಣು ತೆರೆದಾಗ ಮರುದಿನದ ಬಿಸಿಲು ಕಿಟಕಿ ದಾಟಿ ಹಾಸಿಗೆಯ ಮೇಲೆ ಬಂದಿತ್ತು. ಅವ್ವ ಹೊಸ್ತಿಲಲ್ಲಿ ನಿಂತಿದ್ದಳು.

"ಎರಡ ಸಲ ಬಂದ ನೋಡಿ ಹೋದೆ" ಅಂದಳು. "ಹಂಗ ಮಲಗಿದ್ದಿ. ಎಬ್ಬಸಾಕ ಮನಸ ಬರಲಿಲ್ಲ."