ದೇವರ ಮುಂದೆ ಹೇಳಲಾಗದ ಉದ್ಯೋಗ

ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಬಂದು ನೋಡಿದವನು ನಾನು. ನೋಡಿ ಮತ್ತೆ ಬಸ್‌ಸ್ಟ್ಯಾಂಡಿಗೆ ಹೋದ ಮೇಲೆ, ನೋಡುವಾಗ ಕೈ ತಾಗಿ ಆನ್ ಆಯಿತೇನೋ ಎಂದು ಚಿಂತಿಸಿದವನೂ ನಾನೇ. ಇಂಥವನು ನಲವತ್ತೆಂಟನೆಯ ವಯಸ್ಸಿನಲ್ಲಿ, ಮೇಷ್ಟ್ರ ಕೆಲಸ ಬಿಟ್ಟು ಫೋನಿನಲ್ಲಿ ಪೋಕರ್ ಆಡಿ ಸಂಸಾರ ಸಾಗಿಸಬಹುದೇ ಎಂದು ಮೂರು ತಿಂಗಳು ಗಂಭೀರವಾಗಿ ಯೋಚಿಸಿದ್ದ ಎಂದರೆ ಗೊತ್ತಿದ್ದವರು ನಂಬುವುದಿಲ್ಲ.

ಹೊಸನಗರದ ಒಂದು ಅನುದಾನರಹಿತ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಒಮ್ಮೆ ತರಬೇತಿಗೆಂದು ಸಾಗರಕ್ಕೆ ಹೋದಾಗ ಲಾಡ್ಜಿನ ಕೋಣೆಯಲ್ಲಿ ಜೊತೆಗಿದ್ದ ಬೇರೆ ಊರಿನ ಮೇಷ್ಟ್ರೊಬ್ಬರು ಫೋನಿನಲ್ಲಿ ಈ ಆಟ ತೋರಿಸಿಕೊಟ್ಟರು. ಕೈಯಲ್ಲಿ ಎರಡು ಎಲೆ, ನಡುವೆ ಒಂದೊಂದಾಗಿ ತೆರೆದುಕೊಳ್ಳುವ ಐದು ಎಲೆ. ಐವತ್ತೆರಡು ಎಲೆಗಳ ಲೆಕ್ಕವನ್ನು ಸಂಭವನೀಯತೆಯ ಪಾಠದಲ್ಲಿ ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವನಿಗೆ ಅದು ಕಷ್ಟವಾಗಲಿಲ್ಲ.

ಆದರೆ ನಾನು ಗೆಲ್ಲತೊಡಗಿದ್ದು ಗಣಿತದಿಂದಲ್ಲ, ಹೆದರಿಕೆಯಿಂದ. ಆ ಆಟದಲ್ಲಿ ಎಲೆ ಚೆನ್ನಾಗಿಲ್ಲ ಅನ್ನಿಸಿದರೆ ಕೆಳಗಿಟ್ಟು ಸುಮ್ಮನಿರಬಹುದು. ನಾನು ಹತ್ತರಲ್ಲಿ ಒಂಬತ್ತು ಸಲ ಕೆಳಗಿಡುತ್ತಿದ್ದೆ. ಧೈರ್ಯವಂತರು ಒಬ್ಬರ ಮೇಲೊಬ್ಬರು ಬಿದ್ದು ಕಳೆದುಕೊಳ್ಳುವಾಗ ನಾನು ಕಾಫಿ ಕುಡಿಯುತ್ತಾ ಕಾಯುತ್ತಿದ್ದೆ. ಜೀವಮಾನವಿಡೀ ನಾನು ಪಟ್ಟ ಅಂಜಿಕೆಗೆ ಮೊದಲ ಬಾರಿ ಯಾರೋ ಸಂಬಳ ಕೊಡುತ್ತಿದ್ದಾರೆ ಅನ್ನಿಸಿತು. ವರ್ಷ ತುಂಬುವ ಹೊತ್ತಿಗೆ ಆ ಸಂಬಳ ಶಾಲೆಯದ್ದಕ್ಕಿಂತ ಹೆಚ್ಚಾಯಿತು.

ಹೆಂಡತಿಗೆ ಮೊದಲೇ ಹೇಳಿದ್ದೆ. ಗುಟ್ಟು ಇಟ್ಟುಕೊಳ್ಳುವುದಕ್ಕೂ ಧೈರ್ಯ ಬೇಕಲ್ಲ. ಅವಳು ಬೈಯಲಿಲ್ಲ, ಹೊಗಳಲೂ ಇಲ್ಲ. ಅಷ್ಟರಲ್ಲಿ ಆಡಳಿತ ಮಂಡಳಿಯವರು ಮುಂದಿನ ವರ್ಷಕ್ಕೆ ಇರುವವರು ಸೋಮವಾರದೊಳಗೆ ಕರಾರಿಗೆ ಸಹಿ ಮಾಡಬೇಕು ಎಂದರು. ಸಹಿ ಮಾಡದೆ ಬಿಟ್ಟರೆ ಈ ವಯಸ್ಸಿನಲ್ಲಿ ಇನ್ನೊಂದು ಶಾಲೆ ನನ್ನನ್ನು ಕರೆಯುವುದಿಲ್ಲ. ಸಹಿ ಮಾಡಿದರೆ, ನಿವೃತ್ತಿಯವರೆಗೂ ಅದೇ ಬೋರ್ಡು, ಅದೇ ಅರೆಹೊಟ್ಟೆಯ ಸಂಬಳ. ಒಂದು ವಾರ ನಾನು ಊಟ ಮಾಡುವಾಗಲೂ ಲೆಕ್ಕ ಹಾಕುತ್ತಿದ್ದೆ.

"ನಿಮ್ಮ ಲೆಕ್ಕ ಮುಗಿಯೋದಲ್ಲ. ಪ್ರಸಾದ ಕೇಳಿಬಿಡೋಣ" ಎಂದಳು ಹೆಂಡತಿ.

ಅವಳ ತವರು ತೀರ್ಥಹಳ್ಳಿಯ ಹತ್ತಿರದ ಒಂದು ಹಳ್ಳಿ. ಅಲ್ಲಿನ ದೇವಸ್ಥಾನದಲ್ಲಿ ಹೂವಿನ ಪ್ರಸಾದ ಕೇಳುವ ಕ್ರಮವಿದೆ. ದೇವರ ಎರಡೂ ಭುಜಕ್ಕೆ ನೀರಿನಲ್ಲಿ ಅದ್ದಿದ ಎಸಳು ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಒದ್ದೆ ಎಸಳು ಯಾವುದು ಮೊದಲು ಜಾರುತ್ತದೆ ಎನ್ನುವುದು ನೀರಿನ ವಿಷಯ ಎಂದು ನನ್ನೊಳಗಿನ ಮೇಷ್ಟ್ರು ಹೇಳಿದ. ಅವನನ್ನು ಸುಮ್ಮನಿರಿಸಿ ಭಾನುವಾರ ಬೆಳಿಗ್ಗೆಯ ಬಸ್ಸು ಹತ್ತಿದೆವು.

ಗರ್ಭಗುಡಿಯ ಮುಂದೆ ನಮ್ಮ ಹಿಂದೆ ಆರೇಳು ಜನ ನಿಂತಿದ್ದರು. ಎಲ್ಲರೂ ಆ ಊರಿನವರು, ಎಲ್ಲರಿಗೂ ನಾನು ಊರಿನ ಅಳಿಯ, ಮೇಷ್ಟ್ರು. ಭಟ್ಟರು ನನ್ನ ಗೋತ್ರ, ನಕ್ಷತ್ರ ಕೇಳಿಕೊಂಡು, "ಎಂತ ಕಾರ್ಯ ಅಂತ ಬಾಯ್ಬಿಟ್ಟು ಹೇಳಿ ಮೇಷ್ಟ್ರೆ. ಮನಸ್ಸಲ್ಲಿ ಇಟ್ಕೊಂಡ್ರೆ ಆಗಲ್ಲ" ಎಂದರು.

ಹಿಂದೆ ನಿಂತವರತ್ತ ಒಮ್ಮೆ ನೋಡಿದೆ. "ಹೊಸ ಉದ್ಯೋಗ" ಎಂದೆ.

ಎಸಳು ಅಂಟಿಸಿ ಅವರು ಕೈ ತೆಗೆದು ಎರಡು ನಿಮಿಷವೂ ಆಗಿರಲಿಲ್ಲ, ಬಲಗಡೆಯದು ಬಿತ್ತು. "ನೋಡಿ, ಎಷ್ಟು ಬೇಗ! ಧೈರ್ಯವಾಗಿ ಹೊರಡಿ" ಎಂದು ಭಟ್ಟರು ಆ ಎಸಳನ್ನೇ ನನ್ನ ಕೈಗೆ ಹಾಕಿದರು. ಹಿಂದಿದ್ದ ಅಜ್ಜಿಯೊಬ್ಬರು, "ಒಳ್ಳೇದಾಯ್ತು ಮಾರಾಯ್ರೆ" ಎಂದರು.

ಹೆಂಡತಿ ಹೊರಗಿನ ಮೆಟ್ಟಿಲ ಮೇಲೆ ಕುಳಿತಳು, ಆದರೆ ಚಪ್ಪಲಿ ಹಾಕಿಕೊಳ್ಳಲಿಲ್ಲ.

"ಯಾವ ಉದ್ಯೋಗ ಅಂತ ಯಾಕೆ ಹೇಳ್ಲಿಲ್ಲ?"

"ದೇವರಿಗೆ ಗೊತ್ತಿಲ್ವಾ?"

"ದೇವ್ರಿಗೆ ಗೊತ್ತು. ನಿಮ್ಮ ಬಾಯಿಗೆ ಯಾಕೆ ಬರ್ಲಿಲ್ಲ?"

"ಅಷ್ಟು ಜನ ಇದ್ರಲ್ಲೇ."

"ನಾಳೆಯಿಂದ ಅದೇ ಜನ, ಭಾವ ಎಂತ ಮಾಡ್ತಿದಾರೆ ಅಂತ ನನ್ನ ಕೇಳ್ತಾರೆ. ನಾನೂ ಹೊಸ ಉದ್ಯೋಗ ಅಂತ್ಲೇ ಹೇಳ್ತಾ ಇರ್ಬೇಕಾ, ಸಾಯೋವರೆಗೂ?"

ದನಿ ಏರಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಮತ್ತೆ ಕೇಳಿ ಬನ್ನಿ. ಸರಿಯಾಗಿ ಹೇಳಿ ಕೇಳಿ. ಆಮೇಲೆ ಬಲ ಆದ್ರೆ ನಾನು ಒಂದು ಮಾತೂ ಆಡಲ್ಲ" ಎಂದಳು. ಆ ಮಾತಿನ ತೂಕ ನನಗೆ ತಿಳಿದಿತ್ತು. ಅವಳು ಹಾಗೆ ಅಂದರೆ ಹಾಗೆಯೇ ನಡೆಯುವವಳು.

ಮತ್ತೆ ಸಾಲಿನ ಕೊನೆಗೆ ನಿಂತೆ. ಮುಂದಿದ್ದವನೊಬ್ಬ ಬಾವಿ ತೆಗೆಸುವ ಜಾಗ ಕೇಳಲು ಬಂದಿದ್ದ. ಕೊಟ್ಟಿಗೆಯಿಂದ ಎಷ್ಟು ಮಾರು, ತೆಂಗಿನ ಮರ ಯಾವ ದಿಕ್ಕಿಗೆ, ತಮ್ಮನ ಬೇಲಿ ಎಲ್ಲಿ, ಎಲ್ಲವನ್ನೂ ದೇವರಿಗೆ ನಕ್ಷೆ ಬರೆದ ಹಾಗೆ ವಿವರಿಸಿದ. ಅವನ ನಂತರ ಒಬ್ಬ ಹೆಂಗಸು. "ಇವರ ಎದೆ ಆಪರೇಷನ್ ಮಾಡಿಸ್ಬೇಕಾ, ಬೇಡ್ವಾ" ಎಂದಳು. ಅಷ್ಟೇ. ಅವಳ ಎಸಳು ಬೀಳಲು ಬಹಳ ಹೊತ್ತು ಹಿಡಿಯಿತು. ಬಲಗಡೆ ಬಿದ್ದಾಗ ಅವಳು ಕಣ್ಣು ಒರೆಸಿಕೊಳ್ಳದೆ ಹೊರಟುಹೋದಳು. ಅವರ್‍ಯಾರಿಗೂ ತಮ್ಮ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಲು ನಾಚಿಕೆಯಿರಲಿಲ್ಲ.

ನನ್ನನ್ನು ನೋಡಿ ಭಟ್ಟರು ಹುಬ್ಬೇರಿಸಿದರು. "ಮತ್ತೆಂತ?"

ಈ ಸಲ ಹೇಳಿದೆ. ಇಸ್ಪೀಟು ಎಂದೆ. ಫೋನಿನಲ್ಲಿ, ದುಡ್ಡು ಕಟ್ಟಿ, ಶಾಲೆ ಬಿಟ್ಟು ಅದನ್ನೇ ಮಾಡುವುದು ಎಂದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ.

"ಒಂದೇ ಪ್ರಶ್ನೆ ಎರಡು ಸಲ ಕೇಳೋ ಕ್ರಮ ಇಲ್ಲ" ಎಂದರು. "ಉದ್ಯೋಗದ್ದು ಆಗ್ಲೇ ಕೇಳಿದೀರಿ, ಬಲ ಆಗಿದೆ. ಇದು ಅದೇ ಆದ್ರೆ ಮತ್ತೆ ಕೇಳಕ್ಕಿಲ್ಲ, ಅದೇ ಉತ್ತರ, ಹೋಗಿ ಬನ್ನಿ. ಬೇರೆ ಆದ್ರೆ ಹೂ ಇಡ್ತೀನಿ. ಅದೇನಾ, ಬೇರೆಯಾ? ನೀವೇ ಹೇಳ್ಬೇಕು."

ಅವರು ಕ್ರಮ ಕೇಳಿದರು, ಅಷ್ಟೆ. ನನಗೆ ಬುದ್ಧಿ ಹೇಳುವ ಉದ್ದೇಶ ಅವರಿಗಿರಲಿಲ್ಲ, ನೈವೇದ್ಯಕ್ಕೆ ಹೊತ್ತಾಗುತ್ತಿತ್ತು. ಅದೇ ಎಂದರೆ ಸಾಕಿತ್ತು, ದೇವರ ಅಪ್ಪಣೆ ಆಗಲೇ ನನ್ನ ಜೇಬಿನಲ್ಲಿತ್ತು. ಮೂರು ತಿಂಗಳಿಂದ ನಾನು ನನಗೂ ಹೆಂಡತಿಗೂ ಹೇಳುತ್ತಾ ಬಂದದ್ದೂ ಅದನ್ನೇ: ಇದೂ ಒಂದು ಉದ್ಯೋಗ, ಉಳಿದವುಗಳ ಹಾಗೆ. ಫೋನಿನ ಆಚೆ ಕುಳಿತು ಸೋಲುವವರ ಮುಖ ಒಂದು ದಿನವೂ ನೋಡಿರಲಿಲ್ಲ. ಅವರಲ್ಲಿ ಒಬ್ಬ ಮೇಷ್ಟ್ರಿದ್ದರೂ, ಆಪರೇಷನ್ನಿಗೆ ಇಟ್ಟ ಹಣ ಕಟ್ಟಿದವರಿದ್ದರೂ ನನಗೆ ತಿಳಿಯುವ ದಾರಿಯಿರಲಿಲ್ಲ. ತಿಳಿಯದೆ ಇರುವುದೇ ನನಗೆ ಅನುಕೂಲವಾಗಿತ್ತು.

"ಬೇರೆ" ಎಂದೆ.

ಭಟ್ಟರು ಎಸಳನ್ನು ನೀರಿಗೆ ಅದ್ದಿದರು.

"ಬೇಡ ಭಟ್ರೆ, ಇಡ್ಬೇಡಿ" ಎಂದೆ. ಅವರು ಎಸಳನ್ನು ತಟ್ಟೆಗೆ ಹಾಕಿ, ನೈವೇದ್ಯದ ಪಾತ್ರೆಗೆ ಕೈ ಚಾಚಿದರು.

ಹೆಂಡತಿ ಮೆಟ್ಟಿಲ ಮೇಲೆಯೇ ಇದ್ದಳು. "ಯಾವ ಕಡೆ?"

"ಕೇಳ್ಲಿಲ್ಲ. ಇದು ಉಳಿದ ಉದ್ಯೋಗದ ಹಾಗಲ್ಲ ಅಂತ ನನ್ನ ಬಾಯಲ್ಲೇ ಬಂತು."

ಅವಳು ಚಪ್ಪಲಿ ಹಾಕಿಕೊಂಡಳು. ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ಆ ಒಂದು ವಾರ ಅವಳೂ ನಿದ್ದೆ ಮಾಡಿರಲಿಲ್ಲ ಎನ್ನುವುದು ನನಗೆ ಆಗಲೇ ಹೊಳೆದದ್ದು. ಚಿಂತೆ ಮಾಡುವ ಹಕ್ಕು ಮನೆಯಲ್ಲಿ ನನ್ನೊಬ್ಬನದೇ ಎಂದುಕೊಂಡಿದ್ದೆ.

ಸೋಮವಾರ ಸಹಿ ಮಾಡಿದೆ. ಅಂದೇ ಆಟ ಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಆಮೇಲೂ ನಾಲ್ಕಾರು ಸಲ ಆಡಿದೆ, ಪ್ರತಿ ಸಲವೂ ಸೋತೆ. ಕೊನೆಗೆ ಸರ್ಕಾರವೇ ದುಡ್ಡು ಕಟ್ಟಿ ಆಡುವ ಅಂಥ ಆಟಗಳನ್ನು ನಿಲ್ಲಿಸಿತು. ನನಗೆ ದೂರದೃಷ್ಟಿ ಇತ್ತು ಎಂದು ಹೇಳಿಕೊಳ್ಳಬಹುದು, ಆದರೆ ಹೇಳಿದರೆ ನಗಲು ಹೆಂಡತಿ ಪಕ್ಕದಲ್ಲೇ ಇದ್ದಾಳೆ.

ಒಣಗಿದ ಆ ಎಸಳು ಗಣಿತದ ಪುಸ್ತಕದಲ್ಲಿದೆ. ಹೊಸ ಉದ್ಯೋಗಕ್ಕೆ ಆಗಬಹುದು ಎಂದ ಅಪ್ಪಣೆ ಅದು, ಯಾರೂ ರದ್ದು ಮಾಡಿಲ್ಲ. ಬಾಯಿಬಿಟ್ಟು ಹೇಳಬಹುದಾದ ಒಂದು ಉದ್ಯೋಗಕ್ಕಾಗಿ ಕಾಯುತ್ತಾ ನಾನು ಇನ್ನೂ ಅದೇ ಪಾಠ ಮಾಡುತ್ತಿದ್ದೇನೆ.